ಕ್ಯೂಗೆ ಲಾಕ್ ಇದ್ರೂ ಪ್ರೋಗ್ರಾಂ ಹ್ಯಾಂಗ್: ಸಿಸ್ಟಮ್ಸ್ ಇಂಜಿನಿಯರ್ ಮೇಡಂ ಜೊತೆ ಪ್ರಶ್ನೋತ್ತರ

ಹೊಸ ಸದಸ್ಯ: ಮೇಡಂ ನಮಸ್ತೆ. ಸಿ ಭಾಷೆಲಿ ಹ್ಯಾಶ್ ಟೇಬಲ್ (ಕೀ ಕೊಟ್ಟು ಬೇಗ ಹುಡುಕೋ ಪಟ್ಟಿ) ಮಾಡಿದೀನಿ, ಪ್ರತಿ ಕ್ಲೈಂಟ್‌ಗೂ ಅದರೊಳಗೊಂದು ಕ್ಯೂ. ಕ್ಯೂಗೆ ತನ್ನದೇ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರೇ ಹಿಡಿಯೋ ಲಾಕ್), ಕಂಡೀಷನ್ ವೇರಿಯಬಲ್ (ಐಟಂ ಬರೋವರೆಗೂ ಮಲಗಿ ಕಾಯೋ ಜಾಗ). ಟೇಬಲ್‌ಗೆ ಬೇರೆ ಮ್ಯೂಟೆಕ್ಸ್. ಟೇಬಲ್ ಲಾಕ್ ಹಿಡ್ಕೊಂಡು ಕ್ಯೂ ಹುಡುಕಿ ಅಲ್ಲೇ ಪಾಪ್ ಮಾಡ್ತೀನಿ (ಐಟಂ ತೆಗೀತೀನಿ). ಸ್ವಲ್ಪ ಹೊತ್ತು ಓಡಿ ಎಲ್ಲಾ ಥ್ರೆಡ್ಡೂ (ಒಂದೇ ಪ್ರೋಗ್ರಾಂನಲ್ಲಿ ಜೊತೆಜೊತೆಗೆ ಓಡೋ ಕೆಲಸಗಳು) ನಿಂತೋಗುತ್ತೆ, ಸಿಪಿಯು ಸೊನ್ನೆ.

ಇಂಜಿನಿಯರ್: ನಮಸ್ತೆ. ಇದು ಡೆಡ್‌ಲಾಕ್, ಅಂದ್ರೆ ಥ್ರೆಡ್‌ಗಳು ಒಂದಕ್ಕೊಂದು ಕಾಯ್ತಾ ಸಿಕ್ಕಿಹಾಕ್ಕೊಂಡಿವೆ. ಕ್ಯೂ ಖಾಲಿ ಇದ್ದಾಗ ಪಾಪ್ ಒಳಗೆ ಕಂಡ್ ವೇಟ್‌ಗೆ (ಕಂಡೀಷನ್ ವೇರಿಯಬಲ್ ಮೇಲೆ ಕಾಯೋಕೆ) ಹೋಗ್ತೀರಲ್ಲ, ಅದು ತನಗೆ ಕೊಟ್ಟ ಮ್ಯೂಟೆಕ್ಸ್ ಒಂದನ್ನೇ ಬಿಡೋದು, ಟೇಬಲ್ ಲಾಕ್ ನಿಮ್ಮ ಥ್ರೆಡ್ ಕೈಲೇ ಉಳಿಯುತ್ತೆ, ಪುಶ್ ಮಾಡ್ಬೇಕಾದ (ಐಟಂ ಹಾಕ್ಬೇಕಾದ) ಥ್ರೆಡ್ ಕ್ಯೂ ಹುಡುಕೋಕೆ ಅದೇ ಲಾಕಿಗೆ ಕಾಯ್ತಾ ಕೂತಿರುತ್ತೆ. ಹಾಗಂತ ಕ್ಯೂ ಪಾಯಿಂಟರ್ (ಅದರ ಮೆಮೊರಿ ಅಡ್ರೆಸ್) ತಗೊಂಡು ಟೇಬಲ್ ಲಾಕ್ ಬಿಟ್ಟುಬಿಟ್ರೆ ಸರಿಹೋಯ್ತು ಅನ್ಕೋಬೇಡಿ, ನನಗೆ ಭಯ ಇರೋದೇ ಅಲ್ಲಿ. ನೀವು ಪಾಪ್‌ಗೆ ಹೋಗೋ ಅಷ್ಟರಲ್ಲಿ ಇನ್ನೊಂದು ಥ್ರೆಡ್ ಆ ಕ್ಲೈಂಟ್‌ನ ತೆಗೆದು ಕ್ಯೂ ಫ್ರೀ ಮಾಡಿದ್ರೆ? ಫ್ರೀ ಆದ ಮೆಮೊರಿಲಿರೋ ಮ್ಯೂಟೆಕ್ಸ್‌ನ ಲಾಕ್ ಮಾಡ್ತೀರ. ಟೇಬಲ್ ಲಾಕ್ ಇರುವಾಗಲೇ ಕ್ಯೂ ರೆಫರೆನ್ಸ್ ಕೌಂಟ್ (ಎಷ್ಟು ಕಡೆ ಬಳಕೆಲಿದೆ ಅನ್ನೋ ಲೆಕ್ಕ) ಏರಿಸಿ, ಆಮೇಲೆ ಲಾಕ್ ಬಿಡಿ, ಕೆಲಸ ಮುಗಿದ್ಮೇಲೆ ಇಳಿಸಿ. ಕೌಂಟ್ ಅಟಾಮಿಕ್ ಇರ್ಲಿ (ಏರಿಸೋದು ಇಳಿಸೋದರ ನಡುವೆ ಬೇರೆ ಥ್ರೆಡ್ ನುಗ್ಗಬಾರದು), ಟೇಬಲ್ ಹಿಡ್ಕೊಂಡಿರೋದಕ್ಕೂ ಅದೇ ಕೌಂಟ್‌ನಲ್ಲಿ ಒಂದು ಲೆಕ್ಕ ಹಿಡೀರಿ, ಸೊನ್ನೆಗೆ ಇಳಿಸಿದ ಥ್ರೆಡ್ಡೇ ಫ್ರೀ ಮಾಡ್ಬೇಕು. ಕ್ಲೈಂಟ್ ತೆಗೆಯುವಾಗ ಕ್ಯೂ ಲಾಕ್ ಹಿಡಿದು ಕ್ಲೋಸ್ಡ್ ಫ್ಲ್ಯಾಗ್ ಹಾಕಿ ಬ್ರಾಡ್‌ಕಾಸ್ಟ್ ಮಾಡಿ (ಕಾಯ್ತಿರೋ ಎಲ್ಲರನ್ನೂ ಎಬ್ಬಿಸಿ), ಇಲ್ಲಾಂದ್ರೆ ವೇಟ್‌ನಲ್ಲಿರೋ ಥ್ರೆಡ್ ಏಳೋದೇ ಇಲ್ಲ. ವೇಟ್ ಸುತ್ತ ಇಫ್ ಅಲ್ಲ, ವೈಲ್ ಇರ್ಲಿ, ಎದ್ದಾಗೆಲ್ಲ ಷರತ್ತು ಮತ್ತೆ ನೋಡ್ಬೇಕು.

ಸದಸ್ಯ 2: ಇಷ್ಟೆಲ್ಲಾ ಯಾಕೆ, ಕ್ಯೂ ಸೈಜಿಗೆ ವೊಲಟೈಲ್ (ಪ್ರತಿ ಸಲ ಮೆಮೊರಿಯಿಂದಲೇ ಓದು ಅಂತ ಕಂಪೈಲರ್‌ಗೆ ಹೇಳೋ ಪದ) ಹಾಕಿದ್ರೆ ಲಾಕೇ ಬೇಡ. ಬೇರೆ ಗ್ರೂಪಲ್ಲಿ ಬಂದಿತ್ತು, ಫಾರ್ವರ್ಡ್ ಮಾಡ್ಲಾ?

ಇಂಜಿನಿಯರ್: ಬೇಡ. ವೊಲಟೈಲ್‌ನಿಂದ ಯಾವುದೂ ಅಟಾಮಿಕ್ ಆಗಲ್ಲ. ಅದಕ್ಕೆ ಅಂತಲೇ ಸಿ11ರಲ್ಲಿ (ಸಿ ಭಾಷೆಯ 2011ರ ಸ್ಟ್ಯಾಂಡರ್ಡ್) ಅಟಾಮಿಕ್ಸ್ ಬಂದಿದೆ.

ಸದಸ್ಯ 3: ಮೇಡಂ, ನಂದು ಕ್ಯೂಗಳ ಅರೇ, ರಿಯಲಾಕ್ (ಮೆಮೊರಿ ಗಾತ್ರ ಬದಲಿಸೋ ಫಂಕ್ಷನ್) ಆದ್ಮೇಲೆ ಲಾಕ್ ವಿಚಿತ್ರವಾಗಿ ಆಡ್ತಿದೆ.

ಇಂಜಿನಿಯರ್: ರಿಯಲಾಕ್ ಜಾಗ ಬದಲಿಸಿದ್ರೆ ಮ್ಯೂಟೆಕ್ಸ್ ಕಾಪಿ ಆಗುತ್ತೆ. ಕಾಪಿಯನ್ನ ಲಾಕ್ ಮಾಡಿದ್ರೆ ಏನಾಗುತ್ತೆ ಅಂತ ಪಾಸಿಕ್ಸ್ (ಈ ಲಾಕ್‌ಗಳ ನಿಯಮ ಹೇಳೋ ಸ್ಟ್ಯಾಂಡರ್ಡ್) ಏನೂ ಗ್ಯಾರಂಟಿ ಕೊಡಲ್ಲ. ಅರೇಲಿ ಪಾಯಿಂಟರ್ ಮಾತ್ರ ಇಡಿ.

ಸದಸ್ಯ 4: ಒಂದು ಕ್ಯೂಯಿಂದ ಇನ್ನೊಂದಕ್ಕೆ ಐಟಂ ದಾಟಿಸುವಾಗ ನಡುವೆ ಎರಡರಲ್ಲೂ ಕಾಣಲ್ಲ, ಏನ್ಮಾಡೋದು?

ಸದಸ್ಯ 5: ಎಲ್ಲರೂ ಕಾಂಪ್ಲಿಕೇಟ್ ಮಾಡ್ತಿದೀರ. ಟೇಬಲ್‌ಗೊಂದೇ ಮ್ಯೂಟೆಕ್ಸ್, ಕ್ಯೂಗೊಂದು ಕಂಡೀಷನ್ ವೇರಿಯಬಲ್. ವೇಟ್ ಮಾಡಿದ್ರೆ ಟೇಬಲ್ ಲಾಕೇ ಬಿಡುಗಡೆ ಆಗುತ್ತೆ.

ಸದಸ್ಯ 6: ಸಾವಿರಾರು ಕ್ಲೈಂಟ್ ಇದ್ರೆ ಎಲ್ರೂ ಒಂದೇ ಲಾಕಿಗೆ ಬೀಳ್ತಾರೆ. ಸರ್ವರ್ ಬರೆದವರ ಮಾತಲ್ಲ ಇದು.

ಸದಸ್ಯ 5: ಲಾಕ್ ಹಿಡಿಯೋದೇ ನಾಲ್ಕು ಪಾಯಿಂಟರ್ ಬದಲಿಸೋ ಅಷ್ಟು ಹೊತ್ತು. ಪ್ರೊಫೈಲ್ ಮಾಡಿ (ಎಷ್ಟು ಹೊತ್ತು ಹಿಡೀತಿದೆ ಅಂತ ಅಳೆದು) ತೋರಿಸಿ, ಸುಮ್ನೆ ಮಾತಾಡ್ಬೇಡಿ.

ಸದಸ್ಯ 6: ನಿಮಗೆ ತೋರಿಸ್ಬೇಕಾದ ದರ್ದು ನನಗಿಲ್ಲ.

ಇಂಜಿನಿಯರ್: 5ನೇಯವರ ದಾರಿಯೂ ನಡೆಯುತ್ತೆ, ಆದ್ರೆ ವೇಟ್‌ನಿಂದ ಎದ್ದಾಗ ಆ ಕ್ಯೂ ಇನ್ನೂ ಇದ್ಯಾ ಅಂತ ಟೇಬಲ್ ಮತ್ತೆ ನೋಡ್ಬೇಕು. ಯಾರಾದ್ರೂ ಕಾಯ್ತಿರೋ ಕಂಡೀಷನ್ ವೇರಿಯಬಲ್‌ನ ಡಿಸ್ಟ್ರಾಯ್ ಮಾಡಂಗಿಲ್ಲ. ಜಗಳ ಬೇರೆ ಕಡೆ ಆಡ್ಕೊಳ್ಳಿ.

ಸದಸ್ಯ 7: ಮೇಡಂ ನನ್ನದೂ ಪಾಪ್‌ನಲ್ಲಿ ಹ್ಯಾಂಗ್, ಹೊರಗೆ ಲಿಸ್ಟ್ ಲಾಕ್ ಇದೆ.

ಇಂಜಿನಿಯರ್: ಮೊದಲನೇ ಉತ್ತರ ಓದಿ.

ಸದಸ್ಯ 2: ರಿಕರ್ಸಿವ್ ಮ್ಯೂಟೆಕ್ಸ್ (ಹಿಡಿದ ಥ್ರೆಡ್ಡೇ ಮತ್ತೆ ಹಿಡಿಯಬಹುದಾದ ಲಾಕ್) ಹಾಕಿದ್ರೆ ಎಲ್ಲಾ ಡೆಡ್‌ಲಾಕೂ ಹೋಗುತ್ತಂತೆ, ಈ ಮೆಸೇಜ್ ನೋಡಿ.

ಇಂಜಿನಿಯರ್: ಹೋಗಲ್ಲ. ಇಲ್ಲಿ ಸಿಕ್ಕಿಹಾಕ್ಕೊಂಡಿರೋದು ಎರಡು ಬೇರೆ ಥ್ರೆಡ್. ಅಲ್ಲದೆ ಎರಡು ಸಲ ಲಾಕ್ ಆದ ರಿಕರ್ಸಿವ್ ಮ್ಯೂಟೆಕ್ಸ್ ಮೇಲೆ ವೇಟ್ ಮಾಡಿದ್ರೆ ಅದು ಪೂರ್ತಿ ಬಿಡದೇ ಇರಬಹುದು, ಅಲ್ಲೇ ಹೊಸ ಡೆಡ್‌ಲಾಕ್. ಇಂಥ ಫಾರ್ವರ್ಡ್ ಇನ್ನೊಂದು ಹಾಕ್ಬೇಡಿ, ಯಾರಾದ್ರೂ ನಂಬಿ ಪ್ರೊಡಕ್ಷನ್‌ಗೆ ಹಾಕ್ತಾರೆ.

ಸದಸ್ಯ 4: ನನ್ನ ಪ್ರಶ್ನೆ ಯಾರೂ ನೋಡ್ಲಿಲ್ವಾ?

ಸದಸ್ಯ 6: ಎರಡೂ ಲಾಕ್ ಹಿಡೀರಿ, ಯಾವಾಗ್ಲೂ ಚಿಕ್ಕ ಅಡ್ರೆಸ್ ಇರೋದನ್ನ ಮೊದ್ಲು, ಎಲ್ರೂ ಒಂದೇ ಕ್ರಮದಲ್ಲಿ ಹಿಡಿದ್ರೆ ಡೆಡ್‌ಲಾಕ್ ಆಗಲ್ಲ.

ಸದಸ್ಯ 5: ಒಂದೇ ಲಾಕ್ ಇದ್ದಿದ್ರೆ ಈ ಪ್ರಶ್ನೆನೇ ಬರ್ತಿರ್ಲಿಲ್ಲ.