ಮೈಕ್ ಮುಂದೆ ಕೂತರೆ ದನಿ ನಡುಗುತ್ತದೆ, ಮನೆಯಲ್ಲಿ ಹೀಗೆ ಆಗುವುದಿಲ್ಲ. ಯಾರಾದರೂ ದಾರಿ ಹೇಳಿ

ನವಲೂರ_ಪೇರಲ
ಎಲ್ಲರಿಗೂ ನಮಸ್ಕಾರ. ಸಾಕಾಗಿ ಹೋಗಿದೆ. ಮನೆಯಲ್ಲಿ ರಿಯಾಜ್, ಅಂದರೆ ಹಾಡಿನ ಅಭ್ಯಾಸ, ಚೆನ್ನಾಗಿಯೇ ಆಗುತ್ತದೆ. ವೇದಿಕೆ ಹತ್ತಿ ಸಾ ಹಚ್ಚಿದರೆ ಸ್ವರ ನಿಲ್ಲುವುದೇ ಇಲ್ಲ. ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ. ಈ ಸಲ ಗಣೇಶ ಪೆಂಡಾಲಿನಲ್ಲಿ ಒಂದು ವಚನ ಅರ್ಧಕ್ಕೇ ಬಿಟ್ಟು ಎದ್ದೆ. ಧೈರ್ಯ ತಗೋ ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ಎಲ್ಲಿಂದ ತಗೊಳ್ಳಲಿ? ಏನು ಮಾಡಬೇಕು ಅಂತ ಹೇಳಿ.

ಕಾಳಿ_ಏಕ್
ಶ್ರುತಿ ಯಾವುದು ಅಂತ ಬರೆದೇ ಇಲ್ಲವಲ್ಲ ಅಕ್ಕಾ?

ನವಲೂರ_ಪೇರಲ
ಕಾಳಿ 5, ಹಾರ್ಮೋನಿಯಂ ಪೇಟಿಯ ಐದನೇ ಕರಿ ಕೀಲಿ. ಮೊದಲಿಂದಲೂ ಅದೇ.

ಕಾಳಿ_ಏಕ್
ಅಲ್ಲೇ ಇದೆ ನೋಡಿ. ಹೆದರಿದಾಗ ಗಂಟಲಿನ ಸ್ನಾಯು ಬಿಗಿಯುತ್ತವೆ, ಉಸಿರು ಎದೆಯ ಮೇಲ್ಭಾಗದಲ್ಲೇ ಉಳಿಯುತ್ತದೆ. ಆಗ ಮೇಲಿನ ಸಪ್ತಕದ ತಾರ ಸಾ ಹಿಡಿಯಲು ಹೋದರೆ ನಡುಗದೆ ಇನ್ನೇನು? ಕಾಳಿ 4ಕ್ಕೆ ಇಳಿಸಿ. ದಿನಾ ಬೆಳಿಗ್ಗೆ ಖರ್ಜ, ಅಂದರೆ ಕೆಳಗಿನ ಸ್ವರ, ಹಾಡಿ. ತನ್ನಿಂದ ತಾನೇ ಸರಿಯಾಗುತ್ತದೆ.

ಬಾಕ್ಸ್_ಮಾಸ್ತರ
ನಾನು ಹುಬ್ಬಳ್ಳಿಯಲ್ಲಿ ಸೌಂಡ್ ಹಾಕುತ್ತೇನೆ. ಮಾನಿಟರ್, ಅಂದರೆ ಹಾಡುವವರ ಕಡೆ ತಿರುಗಿಸಿದ ಸ್ಪೀಕರ್, ಇತ್ತೋ ಇಲ್ಲವೋ ಮೊದಲು ಹೇಳಿ. ಇಲ್ಲದಿದ್ದರೆ ನಿಮ್ಮ ದನಿ ನಿಮಗೆ ಎದುರಿನ ಗೋಡೆಗೆ ಬಡಿದು ಬಂದ ಮೇಲೆ ಕೇಳುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಗೋಡೆ 17 ಮೀಟರ್ ದೂರ ಇದ್ದರೆ ಹೋಗಿ ಬರುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ತಡ. ಎಂಥ ಗಾಯಕರೂ ತಬ್ಬಿಬ್ಬಾಗುತ್ತಾರೆ. ಎಕೋ ಬೇಡ ಅಂತ ಸೌಂಡ್‌ನವರಿಗೆ ಖಡಕ್ಕಾಗಿ ಹೇಳಿ.

ಸಾಧನಕೇರಿ_ಮಳೆ
ಅಕ್ಕಾ, ಹೀಗೆ ಆಗದೇ ಇರುವ ಜಾಗ ಯಾವುದಾದರೂ ಇದೆಯಾ? ಅದು ಗೊತ್ತಾದರೆ ಅರ್ಧ ಉತ್ತರ ಸಿಗುತ್ತದೆ.

ನವಲೂರ_ಪೇರಲ
ಮಾನಿಟರ್ ಇತ್ತು. ಸಿದ್ಧಾರೂಢ ಮಠದಲ್ಲಿ ಭಜನೆಗೆ ಹೋಗುತ್ತೇನೆ. ಅಲ್ಲಿ ಮೈಕ್ ಕೊಟ್ಟರೂ ನಡುಕ ಇಲ್ಲ. ಅಲ್ಲೂ ಕಾಳಿ 5ರಲ್ಲೇ ಹಾಡುವುದು.

ಕಾಳಿ_ಏಕ್
ಅಲ್ಲಿ ಹತ್ತು ಜನರ ದನಿ ನಿಮ್ಮನ್ನು ಎತ್ತಿ ಹಿಡಿಯುತ್ತದೆ. ಒಬ್ಬರೇ ಹಾಡುವಾಗ ಅದೇ ಶ್ರುತಿ ಎತ್ತರ ಅನಿಸುತ್ತದೆ. ಇಳಿಸುವುದಕ್ಕೆ ನಾಚಿಕೆ ಬೇಡ. ನಮ್ಮ ಗಂಗೂಬಾಯಿ ಹಾನಗಲ್ ಅವರ ದನಿ ಗಂಟಲಿನ ಚಿಕಿತ್ಸೆಯ ನಂತರ ದಪ್ಪವಾಯಿತು. ಆ ದನಿಯಲ್ಲೇ ಅವರು ದೇಶಕ್ಕೆಲ್ಲ ಹಾಡಿದರು.

ಮಿರಜ_ತಂಬೂರಿ
ರಿಯಾಜ್ ಮೊಬೈಲ್ ತಂಬೂರಿ ಇಟ್ಟುಕೊಂಡಾ? ಹಾಗಾದರೆ ಕಷ್ಟ. ಸಣ್ಣ ಸ್ಪೀಕರಿನಲ್ಲಿ ಖರ್ಜದ ತಂತಿ ಕೇಳುವುದೇ ಇಲ್ಲ. ವೇದಿಕೆಯ ಮೇಲೆ ನಿಜವಾದ ತಂಬೂರಿ ಬಂದರೆ ಕಿವಿಗೆ ಹೊಸತಾಗುತ್ತದೆ. ನನ್ನ ಹತ್ತಿರ ತಂಬೂರಿ ಮಾಡುವ ಊರು ಮಿರಜಿನವು ಜೋಡಿ ಇವೆ, ಒಂದು ಅಜ್ಜನ ಕಾಲದ್ದು.

ಬಾಕ್ಸ್_ಮಾಸ್ತರ
ಆ್ಯಪ್‌ನಲ್ಲಿ ಶ್ರುತಿಯನ್ನು ಕೂದಲೆಳೆಯಷ್ಟು ಆಚೀಚೆ ಮಾಡಬಹುದು ರೀ. ಪೆಂಡಾಲಿನ ಸೆಕೆಗೆ ನಿಮ್ಮ ತಂಬೂರಿ ತಾಸಿನೊಳಗೆ ಇಳಿಯುತ್ತದೆ.

ಮಿರಜ_ತಂಬೂರಿ
ಇಳಿದರೆ ಮತ್ತೆ ಕೂಡಿಸಬೇಕು. ಕಿವಿ ತಯಾರಾಗುವುದೇ ಅದರಿಂದ. ಪೇಟಿಯ ಸ್ವರ ನಂಬಿ ಕೂತವರಿಗೆ ಇದು ತಿಳಿಯುವುದಿಲ್ಲ.

ಬಾಕ್ಸ್_ಮಾಸ್ತರ
ಪೇಟಿಯ ಮಾತು ನಾನು ಎತ್ತೇ ಇಲ್ಲ.

ಗದಗ_ಠೇಕಾ
ತಂಬೂರಿ ಆಮೇಲೆ ಆಗಲಿ. ಅಕ್ಕಾ, ನನಗೂ ತಬಲಾ ಸೋಲೋಗೆ ಮುಂಚೆ ಹೀಗೇ ಆಗುತ್ತಿತ್ತು. ಡಾಕ್ಟರು ಪ್ರೊಪ್ರನೊಲಾಲ್ ಅಂತ ಗುಳಿಗೆ ಕೊಟ್ಟರು. ಎದೆಬಡಿತ ತಗ್ಗುತ್ತದೆ, ಕೈ ನಿಲ್ಲುತ್ತದೆ. ನೀವೂ ನೋಡಿ.

ಸಾಧನಕೇರಿ_ಮಳೆ
ದಯವಿಟ್ಟು ಅದನ್ನು ಯಾರೂ ಕೇಳಿದ ಮಾತಿನ ಮೇಲೆ ತಗೋಬೇಡಿ. ಉಬ್ಬಸ ಇದ್ದವರಿಗೆ ಆ ಗುಳಿಗೆಯಿಂದ ಶ್ವಾಸನಾಳ ಬಿಗಿದು ಜೀವಕ್ಕೇ ಅಪಾಯ ಆಗಬಹುದು. ಕೆಲವರ ಹೃದಯಕ್ಕೂ ಅದು ಆಗಿಬರುವುದಿಲ್ಲ.

ನವಲೂರ_ಪೇರಲ
ನನಗೆ ಉಬ್ಬಸ ಇದೆ. ಪೆಂಡಾಲಿನಲ್ಲಿ ಧೂಳು, ಧೂಪ ಎಲ್ಲ ಇರುತ್ತದಲ್ಲ, ಅದಕ್ಕೇ ಹತ್ತುವ ಮುಂಚೆ ಉಬ್ಬಸದ ಪಂಪ್ (ಇನ್ಹೇಲರ್) ಎಳೆದುಕೊಂಡೇ ಹೋಗುವುದು. ಭಜನೆಗೆ ಬೇಕಾಗುವುದಿಲ್ಲ.

ಸಾಧನಕೇರಿ_ಮಳೆ
ಅಕ್ಕಾ, ಯಾವ ಪಂಪ್? ಸಾಲ್ಬುಟಮಾಲ್ ಆಗಿದ್ದರೆ, ಕೈ ನಡುಗುವುದು, ಎದೆ ಬಡಿದುಕೊಳ್ಳುವುದು ಆ ಔಷಧಿಯದ್ದೇ ಗುಣ. ಐದೇ ನಿಮಿಷದಲ್ಲಿ ಶುರುವಾಗಬಹುದು, ನಾಲ್ಕೈದು ತಾಸಿನೊಳಗೆ ಇಳಿಯುತ್ತದೆ. ನೀವು ಹೆದರುವ ಮೊದಲೇ ಕೈ ನಡುಗುತ್ತಿರಬಹುದು. ಅದನ್ನು ನೋಡಿ ಮನಸ್ಸು ಹೆದರುತ್ತದೆ, ಆಮೇಲೆ ನಿಜವಾದ ನಡುಕ ಶುರುವಾಗುತ್ತದೆ. ಹಾಗಂತ ಪಂಪ್ ಬಿಡಬೇಡಿ! ಉಸಿರು ಕಟ್ಟಿದರೆ ಅದೇ ಕಾಯುವುದು. ಯಾವಾಗ ಎಳೆದುಕೊಳ್ಳಬೇಕು, ಎಷ್ಟು, ಬೇರೆ ದಾರಿ ಇದೆಯಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಹಾಡುತ್ತೇನೆ ಅನ್ನುವುದನ್ನೂ ಹೇಳಿ. ದಿನವೂ ತಗೊಳ್ಳುವ ಸ್ಟಿರಾಯ್ಡ್ ಪಂಪ್ ಬೇರೆ ಇದ್ದರೆ, ಆದ ಮೇಲೆ ಬಾಯಿ ಮುಕ್ಕಳಿಸಿ. ಇಲ್ಲದಿದ್ದರೆ ದನಿ ಒಡೆಯಬಹುದು.

ಹೆದರಿಕೆ ಸುಮ್ನೆ ಅಂತ ನಾನು ಹೇಳುತ್ತಿಲ್ಲ. ಅದಕ್ಕೂ ಕೆಲಸ ಮಾಡಬೇಕು. ಭಜನೆಯಲ್ಲಿ ಒಂದು ಸಾಲು ಒಬ್ಬರೇ ಹಾಡಿ. ಅದು ಸಲೀಸಾದರೆ ಇಡೀ ನುಡಿ. ಆಮೇಲೆ ಮನೆಯಲ್ಲೇ ನಾಲ್ಕು ಜನರನ್ನು ಕೂರಿಸಿ ಹಾಡಿ. ಎದೆ ಬಡಿಯುತ್ತಿದ್ದರೂ ಮುಗಿಯುವವರೆಗೆ ಏಳಬೇಡಿ. ಅರ್ಧಕ್ಕೆ ಎದ್ದರೆ, ಎದ್ದಿದ್ದಕ್ಕೇ ಪಾರಾದೆ ಅಂತ ಮೈ ಕಲಿತುಬಿಡುತ್ತದೆ. ಕೂತಲ್ಲೇ ಕೂತರೆ ಬಡಿತ ತಾನಾಗಿಯೇ ಇಳಿಯುತ್ತದೆ. ಉಬ್ಬಸ ಬಂದರೆ ಮಾತ್ರ ನಿಲ್ಲಿಸಿ. ಮೊದಲ ಹಾಡು ವಿಲಂಬಿತ, ಅಂದರೆ ನಿಧಾನ ಲಯದ್ದು, ಇರಲಿ, ಮಧ್ಯ ಸಪ್ತಕದಲ್ಲೇ ತಿರುಗುವಂಥದ್ದು.

ನವಲೂರ_ಪೇರಲ
ಪಂಪಿನ ಮೇಲೆ ಅದೇ ಹೆಸರಿದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಸೋಮವಾರ ಡಾಕ್ಟರ ಹತ್ತಿರ ಹೋಗುತ್ತೇನೆ. ಮನೆಯಲ್ಲಿ ಕೂರಿಸುವವರು ಸಂಗೀತದವರೇ ಆಗಬೇಕಾ?

ಸಾಧನಕೇರಿ_ಮಳೆ
ಮೊದಲು ಬೇಡ. ಪಕ್ಕದ ಮನೆಯವರು ಸಾಕು. ಸ್ವರ ಎಣಿಸುವ ಕಿವಿಗಳು ಆಮೇಲೆ ಬರಲಿ.

ಕಾಳಿ_ಏಕ್
ಡಾಕ್ಟರು ಏನೇ ಹೇಳಲಿ, ಕಾಳಿ 4ರಲ್ಲಿ ಒಂದು ಸಲ ಹಾಡಿ ನೋಡಿ ಅಕ್ಕಾ.

ಗದಗ_ಠೇಕಾ
ಮಿರಜ ಸಾಹೇಬರೇ, ಅಜ್ಜನ ತಂಬೂರಿಗೆ ತಂತಿ ಕೂರುವ ಕುದುರೆ ಉಜ್ಜಿಸಿ ಜವಾರಿ ಯಾರ ಹತ್ತಿರ ತೆಗೆಸಿದಿರಿ? ನಮ್ಮದು ಝೇಂಕಾರವೇ ಬಿಟ್ಟುಬಿಟ್ಟಿದೆ.

ಮಿರಜ_ತಂಬೂರಿ
ಮಿರಜಿಗೇ ಒಯ್ಯಬೇಕು. ದೂರ ಅಂತ ಇಲ್ಲೇ ಯಾರಿಗಾದರೂ ಕೊಟ್ಟು ಕುದುರೆ ಸವೆಸಿಕೊಳ್ಳಬೇಡಿ. ಎರಡರ ಫೋಟೋ ರಾತ್ರಿ ಹಾಕುತ್ತೇನೆ.