ಅಪ್‌ಡೇಟ್: ಎರಡನೆಯ ಸಲ ಜ್ಞಾನಸ್ನಾನ ಬೇಕಾಗಲಿಲ್ಲ

ಶಿಶುವಾಗಿದ್ದಾಗ ಪ್ರೊಟೆಸ್ಟಂಟ್ ಸಭೆಯಲ್ಲಿ ದೀಕ್ಷಾಸ್ನಾನ (ಕ್ರೈಸ್ತರಾಗುವ ವಿಧಿ; ಕಥೋಲಿಕರು ಜ್ಞಾನಸ್ನಾನ ಎನ್ನುತ್ತಾರೆ) ಪಡೆದ ನಾನು ನಲವತ್ತು ದಾಟಿದ ಮೇಲೆ ಕಥೋಲಿಕನಾಗಲು ಮತ್ತೆ ಅದನ್ನು ಪಡೆಯಬೇಕೇ ಎಂದು ಕೇಳಿದ್ದೆ. ಬೇಡವಂತೆ. ನೀರಿನಿಂದ, ಪಿತ, ಪುತ್ರ, ಪವಿತ್ರಾತ್ಮರ ನಾಮದಲ್ಲಿ ವಿಧಿವತ್ತಾಗಿ ನಡೆದಿದ್ದರೆ ಅದು ಸಿಂಧು, ಇನ್ನೊಮ್ಮೆ ಕೊಡುವಂತಿಲ್ಲ. ಗುರುಗಳು, ಅಂದರೆ ಕಥೋಲಿಕ ಪಾದ್ರಿ, ಆ ಸ್ನಾನದ ಪ್ರಮಾಣಪತ್ರ ಕೇಳಿದರು. ಹಳೆಯ ಸಭೆಯವರು ದಾಖಲೆ ಪುಸ್ತಕ ಹುಡುಕಿ ನಕಲು ಕೊಡಲು ಎರಡು ತಿಂಗಳು ತೆಗೆದುಕೊಂಡರು. ಈ ಹಾದಿಯಲ್ಲಿರುವವರು ಮೊದಲು ಆ ಕಾಗದವನ್ನೇ ಹುಡುಕಿಕೊಳ್ಳಿ.

ನನ್ನನ್ನು ನಿಜವಾಗಿ ಅಳುಕಿಸಿದ್ದು ಪಾಪನಿವೇದನೆ, ಅಂದರೆ ಗುರುಗಳ ಮುಂದೆ ಪಾಪಗಳನ್ನು ಹೇಳಿಕೊಳ್ಳುವುದು. ಕಥೋಲಿಕ ಸಭೆಗೆ ನನ್ನನ್ನು ಸ್ವೀಕರಿಸುವ ಮುಂಚೆಯೇ ಅದು ಆಗಬೇಕಿತ್ತು. ನಲವತ್ತು ವರ್ಷಗಳ ಲೆಕ್ಕ! ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ಕನ್ನಡಕ ಮರೆತಿದ್ದೆ. ಗುರುಗಳು ನಗಲಿಲ್ಲ. ನೆನಪಿದ್ದಷ್ಟನ್ನು ಮುಚ್ಚಿಡದೆ ಹೇಳಿ ಎಂದರು. ಹೊರಬಂದಾಗ ಕಾಲು ನಡುಗುತ್ತಿತ್ತು, ಎದೆ ಮಾತ್ರ ಹಗುರವಾಗಿತ್ತು.

ಪಾಸ್ಕ ಜಾಗರಣೆಯ ರಾತ್ರಿ, ಅಂದರೆ ಈಸ್ಟರ್‌ನ ಹಿಂದಿನ ರಾತ್ರಿ, ಹೊಸ ದೀಕ್ಷಾರ್ಥಿಗಳಿಗೆ ಜ್ಞಾನಸ್ನಾನವಾಯಿತು. ನಾನು ಉರಿಯುವ ಮೇಣದಬತ್ತಿ ಹಿಡಿದು ವಿಶ್ವಾಸ ಪ್ರಕಟಿಸಿದೆ. ಗುರುಗಳೇ ಹಣೆಗೆ ತೈಲ ಹಚ್ಚಿ ದೃಢೀಕರಣ (ಜ್ಞಾನಸ್ನಾನವನ್ನು ಪೂರ್ಣಗೊಳಿಸುವ ಸಂಸ್ಕಾರ) ನೀಡಿದರು; ಅದಕ್ಕೆ ಧರ್ಮಾಧ್ಯಕ್ಷರೇ (ಬಿಷಪ್) ಬರಬೇಕೆಂದು ನಾನು ತಪ್ಪು ತಿಳಿದಿದ್ದೆ. ಆಮೇಲೆ ಮೊದಲ ಪರಮಪ್ರಸಾದ, ಕ್ರಿಸ್ತನ ಶರೀರವೆಂದು ಸ್ವೀಕರಿಸುವ ರೊಟ್ಟಿ.

ಅಮ್ಮ ಬಂದಿರಲಿಲ್ಲ. ಮರುದಿನ ಬೆಳಿಗ್ಗೆ ಫೋನ್ ಮಾಡಿ, ಮೇಣದಬತ್ತಿಯಿಂದ ಕೈ ಸುಟ್ಟುಕೊಳ್ಳಲಿಲ್ಲ ತಾನೆ ಎಂದು ಕೇಳಿದರು.