ಮನೆಗೆ ಬರುವ ಮಾರ್ಮನ್ ಮಿಷನರಿ ಹುಡುಗರ ವಾರ ಹೇಗಿರುತ್ತದೆ? ಅವರೊಡನೆ ನಾವು ಹೇಗೆ ನಡೆದುಕೊಳ್ಳಬೇಕು?

ಪ್ರಶ್ನೆ (ಸ್ಯಾಂಡಿ, ಯೂಟಾ)

ಎಲ್ಲರಿಗೂ ನಮಸ್ಕಾರ. ನಾವು ಹಾಸನದ ಕಡೆಯವರು. ಯಜಮಾನರ ಕೆಲಸದ ನಿಮಿತ್ತ ಕಳೆದ ಬೇಸಿಗೆಯಲ್ಲಿ ಅಮೆರಿಕದ ಯೂಟಾ ರಾಜ್ಯಕ್ಕೆ, ಸಾಲ್ಟ್ ಲೇಕ್ ನಗರದ ದಕ್ಷಿಣಕ್ಕಿರುವ ಸ್ಯಾಂಡಿ ಎಂಬ ಊರಿಗೆ ಬಂದು ನೆಲೆಸಿದ್ದೇವೆ. ನಮ್ಮ ಬೀದಿಯಲ್ಲಿರುವವರು ಹೆಚ್ಚಿನಂಶ ಮಾರ್ಮನ್ ಎಂಬ ಕ್ರೈಸ್ತ ಪಂಥದ ಕುಟುಂಬಗಳವರು; ಎಲ್ಲರೂ ಸ್ನೇಹಪರರು.

ಚಳಿಗಾಲ ಶುರುವಾದಾಗಿನಿಂದ ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರಿನ ಬಿಲ್ಲೆ ಧರಿಸಿದ ಇಬ್ಬರು ಹುಡುಗರು ಆಗಾಗ ಬರುತ್ತಿದ್ದಾರೆ. ನೋಡಿದರೆ ಪಿಯುಸಿ ಮುಗಿಸಿದ ನಮ್ಮೂರ ಹುಡುಗರ ವಯಸ್ಸು. ಒಮ್ಮೆ ಹಿಮ ಬಿದ್ದ ಬೆಳಿಗ್ಗೆ, ನಾವು ಏನೂ ಕೇಳದಿದ್ದರೂ, ನಮ್ಮ ಮನೆಯ ಮುಂದಿನ ಹಿಮವನ್ನೆಲ್ಲ ಸಲಿಕೆಯಿಂದ ತೆಗೆದು ದಾರಿ ಮಾಡಿಕೊಟ್ಟು, ದುಡ್ಡು ಕೊಡಹೋದರೆ ಬೇಡವೆಂದು ಕೈಮುಗಿದಂತೆ ಮಾಡಿ ಹೊರಟುಹೋದರು. ಇನ್ನೊಂದು ಮಧ್ಯಾಹ್ನ ಬಂದಾಗ ಒಳಗೆ ಕರೆದೆ. ಯಜಮಾನರು ಮನೆಯಲ್ಲಿಲ್ಲವೆಂದು ತಿಳಿದ ಕೂಡಲೇ ಇಬ್ಬರೂ ಮೆಟ್ಟಿಲ ಮೇಲೆಯೇ ನಿಂತರು. ಭುಜದ ಮೇಲೆ ಹಿಮ ಬೀಳುತ್ತಿದ್ದರೂ ಒಳಗೆ ಬರಲಿಲ್ಲ. ನೀವಿಬ್ಬರೂ ಇರುವಾಗ ಬರಬಹುದೇ ಎಂದು ಕೇಳಿಕೊಂಡು ಹೋದರು. ಬಂದವರನ್ನು ಹೊಸ್ತಿಲಾಚೆ ನಿಲ್ಲಿಸಿ ಮಾತನಾಡಿಸಿದ ಅಭ್ಯಾಸ ನಮಗಿಲ್ಲವಾದ್ದರಿಂದ ನನಗೆ ಬಹಳ ಸಂಕೋಚವಾಯಿತು.

ಈ ಹುಡುಗರು ವಾರವಿಡೀ ಏನು ಮಾಡುತ್ತಾರೆ, ಇವರ ಖರ್ಚನ್ನು ಯಾರು ನೋಡಿಕೊಳ್ಳುತ್ತಾರೆ, ಊಟಕ್ಕೆ ಕರೆಯಬಹುದೇ, ಕರೆದರೆ ಏನು ಬಡಿಸಬೇಕು ಎಂಬುದನ್ನು ಬಲ್ಲವರು ತಿಳಿಸಬೇಕು. ನಮಗೆ ಧರ್ಮ ಬದಲಿಸುವ ಉದ್ದೇಶ ಖಂಡಿತ ಇಲ್ಲ. ಅದನ್ನು ಅವರ ಮನಸ್ಸು ನೋಯದಂತೆ ಯಾವಾಗ, ಹೇಗೆ ಹೇಳಬೇಕು ಎಂಬುದೇ ನನ್ನ ಮುಖ್ಯ ಪ್ರಶ್ನೆ.

ಉತ್ತರ 1 (ಪ್ರೊವೊ ಸಮೀಪದ ನಿವಾಸಿ)

ನಾನು ಈ ಕಣಿವೆಯಲ್ಲಿ ಬಹುಕಾಲದಿಂದ ಇರುವವನು. ಮಕ್ಕಳು ಇಲ್ಲಿಯೇ ಓದಿ ಬೆಳೆದರು. ಅವರ ಸಹಪಾಠಿಗಳಲ್ಲಿ ಅನೇಕರು ಮಿಷನ್‌ಗೆ, ಅಂದರೆ ಧರ್ಮಪ್ರಚಾರದ ಸೇವೆಗೆ, ಹೋಗಿ ಬಂದಿದ್ದಾರೆ. ಅವರ ಬಾಯಿಂದ ಕೇಳಿದ್ದನ್ನೂ ನಾನು ಕಂಡದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲಿಗೆ, ಅವರು ಒಳಗೆ ಬಾರದಿದ್ದುದಕ್ಕೆ ನೀವು ಸಂಕೋಚಪಡಬೇಕಾಗಿಲ್ಲ. ಹೆಣ್ಣುಮಗಳೊಬ್ಬರೇ ಇರುವ ಮನೆಯೊಳಗೆ ಗಂಡು ಮಿಷನರಿಗಳು ಕಾಲಿಡಬಾರದೆಂಬುದು ಅವರ ಕಟ್ಟುನಿಟ್ಟಾದ ನಿಯಮ. ಹುಡುಗಿಯರ ಜೋಡಿಗೂ ಇಂಥದೇ ನಿಯಮವಿದೆ. ಜೋಡಿ ಎನ್ನಲು ಕಾರಣ, ಇಬ್ಬರೂ ಹಗಲೂ ರಾತ್ರಿ ಒಬ್ಬರನ್ನೊಬ್ಬರು ಬಿಟ್ಟಿರುವಂತಿಲ್ಲ. ಆ ಜೊತೆಗಾರನನ್ನು ಕಂಪ್ಯಾನಿಯನ್ ಎನ್ನುತ್ತಾರೆ. ಅವನನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಹುಡುಗರಿಗಿಲ್ಲ. ಯಾವ ದೇಶಕ್ಕೆ, ಯಾವ ಊರಿಗೆ ಹೋಗಬೇಕೆಂಬುದನ್ನೂ ಚರ್ಚೇ ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಆರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತದೆ. ಜೊತೆಗಾರನೋ ಊರೋ ಬದಲಾಗಬಹುದು. ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳ ಸೇವೆ. 2012ರ ಅಕ್ಟೋಬರ್‌ನಲ್ಲಿ ಚರ್ಚ್‌ನ ಆಗಿನ ಅಧ್ಯಕ್ಷರಾದ ಥಾಮಸ್ ಮಾನ್ಸನ್ ಅವರು ಹುಡುಗರ ಕನಿಷ್ಠ ವಯಸ್ಸನ್ನು 19ರಿಂದ 18ಕ್ಕೆ, ಹುಡುಗಿಯರದನ್ನು 21ರಿಂದ 19ಕ್ಕೆ ಇಳಿಸಿದರು. ನಿಮ್ಮ ಬಾಗಿಲಿಗೆ ಬಂದವರು ಅಷ್ಟು ಎಳೆಯರಾಗಿ ಕಂಡದ್ದು ಅದರಿಂದಲೇ.

ಸಂಬಳವೆಂಬುದು ಇಲ್ಲ. ಹುಡುಗನೇ ಕೂಡಿಟ್ಟ ಹಣ, ಇಲ್ಲವೇ ತಂದೆ ತಾಯಿಯ ಹಣ ತಿಂಗಳು ತಿಂಗಳೂ ಚರ್ಚ್‌ನ ಸಾಮಾನ್ಯ ನಿಧಿಗೆ ಹೋಗುತ್ತದೆ. ಅಮೆರಿಕದವರಿಗೆ ಈ ಮೊತ್ತವನ್ನು 2020ರ ಜುಲೈನಿಂದ 400 ಡಾಲರ್‌ನಿಂದ 500 ಡಾಲರ್‌ಗೆ ಏರಿಸಲಾಯಿತು. ಮಗ ಜಪಾನಿನಲ್ಲಿರಲಿ, ಬೊಲಿವಿಯಾದಲ್ಲಿರಲಿ, ಮನೆಯವರು ಕಟ್ಟುವುದು ಒಂದೇ ಮೊತ್ತ. ಅಲ್ಲಿಂದ ಹುಡುಗರ ಕೈಗೆ ಬರುವುದು ದಿನಸಿಗೂ ಓಡಾಟಕ್ಕೂ ಸಾಲುವಷ್ಟು ಮಾತ್ರ.

ವಾರದ ಲೆಕ್ಕ ಹೀಗಿದೆ. ಸೋಮವಾರ ಸಾಮಾನ್ಯವಾಗಿ ಪಿ-ಡೇ, ಅಂದರೆ ಬಟ್ಟೆ ಒಗೆಯುವ, ದಿನಸಿ ತರುವ, ಕ್ಷೌರ ಮಾಡಿಸಿಕೊಳ್ಳುವ, ಬ್ಯಾಸ್ಕೆಟ್‌ಬಾಲ್ ಆಡುವ, ಮನೆಗೆ ಫೋನ್ ಮಾಡುವ ದಿನ. ಅದೂ ಸಂಜೆ ಆರರವರೆಗೆ ಮಾತ್ರ. ಆಮೇಲೆ ಮತ್ತೆ ಟೈ ಕಟ್ಟಿಕೊಂಡು ಹೊರಡಬೇಕು. ಉಳಿದ ದಿನಗಳಲ್ಲಿ ಬೆಳಿಗ್ಗೆ 6:30ಕ್ಕೆ ಏಳುವುದು, ವ್ಯಾಯಾಮ, ಒಬ್ಬೊಬ್ಬರೇ ಕುಳಿತು ಗ್ರಂಥಾಧ್ಯಯನ, ಬಳಿಕ ಜನರಿಗೆ ಹೇಳಿಕೊಡುವ ಧರ್ಮಪಾಠದ ತಯಾರಿ ಜೊತೆಯಾಗಿ. ಪರಭಾಷೆಯ ನಾಡಿಗೆ ಹೋದವರಾದರೆ ಭಾಷಾಭ್ಯಾಸವೂ ಸೇರುತ್ತದೆ. ಅಷ್ಟಾದ ಮೇಲೆ ಹೊರಗೆ ಹೊರಟರೆ ರಾತ್ರಿ ಒಂಬತ್ತರ ಸುಮಾರಿಗೆ ವಾಪಸು, 10:30ಕ್ಕೆ ದೀಪ ಆರಿಸಬೇಕು. ವಾರಕ್ಕೊಮ್ಮೆ ಸುತ್ತಲಿನ ನಾಲ್ಕಾರು ಜೋಡಿಗಳು ಸೇರುವ ಸಭೆ. ವಾರಕ್ಕೊಮ್ಮೆ ಮಿಷನ್ ಅಧ್ಯಕ್ಷರಿಗೆ, ಅಂದರೆ ಆ ಪ್ರದೇಶದ ಮಿಷನರಿಗಳ ಮುಖ್ಯಸ್ಥರಿಗೆ, ಪತ್ರ. ಕೆಲವು ಗಂಟೆ ಸಮಾಜಸೇವೆ. ನಿಮ್ಮ ಮನೆಯ ಹಿಮ ತೆಗೆದದ್ದೂ ಆ ಮನೋಭಾವದಿಂದಲೇ. ಅದರ ಹಿಂದೆ ಬೇರೆ ಲೆಕ್ಕಾಚಾರವಿತ್ತೆಂದು ನಾನು ಭಾವಿಸುವುದಿಲ್ಲ.

ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಸಿಗುವುದು ಅವರ ವಾರದ ಯೋಜನಾ ಸಭೆಯಲ್ಲಿ. ವಾರದ ನಡುವೆ ಒಂದು ದಿನ ಇಬ್ಬರೂ ಫೋನ್ ಮುಂದಿಟ್ಟುಕೊಂಡು ಕುಳಿತು, ಯಾವ ಸಂಜೆ ಯಾವ ಮನೆ, ಯಾರಿಗೆ ಯಾವ ಪಾಠ, ಭಾನುವಾರದ ಆರಾಧನೆಗೆ ಯಾರನ್ನು ಕರೆತರಬೇಕು ಎಂದು ಒಂದೊಂದಾಗಿ ಗೊತ್ತುಮಾಡಿಕೊಳ್ಳುತ್ತಾರೆ. ಹಗಲಿನಲ್ಲಿ ಜನ ಕೆಲಸಕ್ಕೆ ಹೋಗಿರುವುದರಿಂದ, ಕುಟುಂಬವೆಲ್ಲ ಒಟ್ಟಿಗೆ ಸಿಗುವ ಸಂಜೆಯ ಎರಡು ಮೂರು ಗಂಟೆಗಳೇ ಅವರ ನಿಜವಾದ ದುಡಿಮೆಯ ಹೊತ್ತು. ನೀವು ದಾಕ್ಷಿಣ್ಯಕ್ಕೆ "ಮುಂದಿನ ವಾರ ನೋಡೋಣ" ಎಂದರೆ, ಅವರು ಅದನ್ನು ಅಕ್ಷರಶಃ ನಂಬಿ ಒಂದು ಸಂಜೆಯನ್ನು ನಿಮಗಾಗಿ ತೆಗೆದಿಡುತ್ತಾರೆ. ಮುಂದಿನ ವಾರ ಮತ್ತೆ ಅದೇ ಮಾತಾದರೆ ಮತ್ತೊಂದು ಸಂಜೆ. ನಮ್ಮವರು ಇಲ್ಲವೆನ್ನಲಾರದೆ ತಿಂಗಳುಗಟ್ಟಲೆ ಎಳೆದಾಡಿದ್ದನ್ನು ನೋಡಿ ನನಗೆ ನಿಜವಾಗಿ ಬೇಸರವಾಗಿದೆ.

ಆದ್ದರಿಂದ ಮೊದಲ ಭೇಟಿಯಲ್ಲೇ, ನಗುಮುಖದಿಂದ, ನೇರವಾಗಿ ಹೇಳಿಬಿಡಿ: "ನಾವು ಹಿಂದೂಗಳು, ನಮ್ಮ ಧರ್ಮದಲ್ಲಿ ನೆಮ್ಮದಿಯಾಗಿದ್ದೇವೆ, ಪಾಠಗಳು ನಮಗೆ ಬೇಡ, ಆದರೆ ನೆರೆಯ ಮಕ್ಕಳಂತೆ ನೀವು ಯಾವಾಗ ಬಂದರೂ ಸಂತೋಷ." ಇದರಿಂದ ಅವರು ನೋಯುವುದಿಲ್ಲ. ಅವರ ಬಳಿ ಏರಿಯಾ ಬುಕ್ ಎಂಬ ದಾಖಲೆಯೊಂದಿದೆ. ಯಾವ ಮನೆಯವರು ಏನೆಂದರು ಎಂಬುದನ್ನು ಅದರಲ್ಲಿ ಬರೆದಿಡುತ್ತಾರೆ. ಈ ಹುಡುಗರು ವರ್ಗವಾಗಿ ಹೋದರೂ ಅವರ ಜಾಗಕ್ಕೆ ಬರುವವರು ಅದನ್ನು ಓದಿಕೊಂಡೇ ಬರುತ್ತಾರೆ.

ಉತ್ತರ 2 (ಸೌತ್ ಜೋರ್ಡನ್)

ಊಟದ ವಿಷಯ ನಾನು ಬರೆಯುತ್ತೇನೆ, ಏಕೆಂದರೆ ಈ ಮಕ್ಕಳಿಗೆ ಬಡಿಸುವುದು ನಮ್ಮ ಮನೆಯಲ್ಲಿ ರೂಢಿಯಾಗಿದೆ. ಅವಶ್ಯವಾಗಿ ಕರೆಯಿರಿ ತಂಗಿ. ಇಲ್ಲಿ ಒಂದೊಂದು ಬಡಾವಣೆಯೂ ಒಂದು ವಾರ್ಡ್, ಅಂದರೆ ಚರ್ಚ್‌ನ ಸ್ಥಳೀಯ ಘಟಕ. ಆ ವಾರ್ಡಿನ ಕುಟುಂಬಗಳು ಸರದಿಯ ಮೇಲೆ ಹುಡುಗರಿಗೆ ರಾತ್ರಿಯೂಟ ಹಾಕುತ್ತವೆ. ನಿಮ್ಮ ಪಕ್ಕದ ಮನೆಯ ತಾಯಿಯನ್ನು ಕೇಳಿದರೆ ಯಾವ ದಿನ ಖಾಲಿಯಿದೆ ಎಂದು ಹೇಳುತ್ತಾರೆ.

ಬಾಗಿಲಲ್ಲೇ ಕಾಫಿ ಕೇಳುವ ನಮ್ಮ ಪದ್ಧತಿಯನ್ನು ಮಾತ್ರ ಬಿಡಬೇಕು. 1833ರಲ್ಲಿ ಅವರ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಅವರಿಗೆ ದೈವಪ್ರೇರಣೆಯಿಂದ ಬಂದದ್ದೆಂದು ಅವರು ನಂಬುವ ಆಹಾರ ನಿಯಮದ ಪ್ರಕಾರ ಮದ್ಯ, ತಂಬಾಕು, ಕಾಫಿ, ಟೀ ನಾಲ್ಕೂ ನಿಷಿದ್ಧ. ಗ್ರೀನ್ ಟೀ ಕೂಡ ಆಗದು. ನಾನು ಧನಿಯಾ ಜೀರಿಗೆ ಕಷಾಯಕ್ಕೆ ಹಾಲು ಬೆಲ್ಲ ಹಾಕಿ ಕೊಡುತ್ತೇನೆ. ಅದರಲ್ಲಿ ಟೀ ಸೊಪ್ಪಿಲ್ಲವೆಂದು ಮೊದಲೇ ಹೇಳಿಬಿಟ್ಟರೆ ನೆಮ್ಮದಿಯಿಂದ ಕುಡಿಯುತ್ತಾರೆ. ಬಾದಾಮಿ ಹಾಲು, ಮಜ್ಜಿಗೆ ಎಲ್ಲವೂ ಆಗುತ್ತದೆ. ಖಾರ ಕಡಿಮೆ ಮಾಡಿ ಚಿತ್ರಾನ್ನ, ಪೂರಿ ಸಾಗು, ಕೇಸರಿಬಾತ್ ಮಾಡಿದರೆ ತಟ್ಟೆಯಲ್ಲಿ ಒಂದಗುಳೂ ಉಳಿಯುವುದಿಲ್ಲ. ಸಸ್ಯಾಹಾರವೆಂದು ಮುಖ ಸಣ್ಣ ಮಾಡಿಕೊಂಡವರನ್ನು ನಾನು ಕಂಡಿಲ್ಲ.

ತಿಂಗಳ ಮೊದಲ ಭಾನುವಾರ ಕರೆಯಬೇಡಿ. ಅಂದು ಎರಡು ಹೊತ್ತಿನ ಊಟ ಬಿಟ್ಟು ಉಪವಾಸವಿದ್ದು, ಉಳಿದ ಹಣವನ್ನು ಬಡವರಿಗಾಗಿ ಕೊಡುವುದು ಅವರ ಪದ್ಧತಿ. ಏಕಾದಶಿ ಬಲ್ಲ ನಮಗೆ ಇದು ಬೇಗ ಅರ್ಥವಾಗುತ್ತದೆ. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡಬಹುದೇ ಎಂದು ಅಪ್ಪಣೆ ಕೇಳುತ್ತಾರೆ, ಕೊಡಿ. ಎದ್ದು ಹೊರಡುವ ಮುನ್ನ ಗ್ರಂಥದಿಂದ ಎರಡು ಸಾಲು ಓದುವ ವಾಡಿಕೆಯೂ ಉಂಟು. ಅದು ಬೇಡವೆನಿಸಿದರೆ ಬೇಡವೆಂದು ಹೇಳುವ ಅಧಿಕಾರ ಮನೆಯವರಾದ ನಿಮ್ಮದು. ಯಜಮಾನರು ಇರುವ ದಿನವೇ ಕರೆಯಿರಿ, ಟಿವಿ ಆರಿಸಿಡಿ, ಒಂದು ಗಂಟೆಯೊಳಗೆ ಊಟ ಮುಗಿಯುವಂತೆ ನೋಡಿಕೊಳ್ಳಿ. ಅವರಿಗೆ ಮುಂದಿನ ಮನೆ ಕಾದಿರುತ್ತದೆ.

ಉತ್ತರ 3 (ಟೆಕ್ಸಾಸ್)

ಮೇಲಿನ ಇಬ್ಬರು ಬರೆದುದನ್ನು ಒಪ್ಪುತ್ತಲೇ ಇನ್ನೊಂದು ಮುಖವನ್ನೂ ಹೇಳಬೇಕಾಗಿದೆ. ಈ ಹುಡುಗರು ಒಳ್ಳೆಯವರೆಂಬುದರಲ್ಲಿ ಸಂದೇಹವಿಲ್ಲ, ಆದರೆ ಅವರು ಬರುವ ಉದ್ದೇಶ ದೀಕ್ಷಾಸ್ನಾನ (ಬ್ಯಾಪ್ಟಿಸಂ), ಅಂದರೆ ಜನರನ್ನು ತಮ್ಮ ಪಂಥಕ್ಕೆ ಸೇರಿಸಿಕೊಳ್ಳುವುದು. ಹೊಸದಾಗಿ ಎಷ್ಟು ಜನರಿಗೆ ಪಾಠ ಶುರುವಾಯಿತು, ಎಷ್ಟು ಜನ ಆರಾಧನೆಗೆ ಬಂದರು, ಎಷ್ಟು ಜನ ದೀಕ್ಷೆಗೆ ದಿನ ಗೊತ್ತುಮಾಡಿಕೊಂಡರು ಎಂಬ ಅಂಕಿಗಳನ್ನು ವಾರ ವಾರವೂ ಒಪ್ಪಿಸಬೇಕು. ಪಾಠದ ಆರಂಭದ ದಿನಗಳಲ್ಲೇ ದೀಕ್ಷೆಗೆ ಆಹ್ವಾನಿಸುವಂತೆ ಅವರನ್ನು ತರಬೇತುಗೊಳಿಸಲಾಗಿರುತ್ತದೆ. ದೀಕ್ಷೆಯ ಕನಿಷ್ಠ ವಯಸ್ಸು ಎಂಟು, ಅಪ್ರಾಪ್ತರಿಗೆ ಪೋಷಕರ ಒಪ್ಪಿಗೆ ಕಡ್ಡಾಯ. ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ, ಹುಡುಗರೊಡನೆ ಮಾತು ಬೆಳೆಯುವ ಮೊದಲೇ ನಿಮ್ಮ ನಿಲುವನ್ನು ಮಕ್ಕಳಿಗೂ ತಿಳಿಸಿ.

ಹುಡುಗರ ಕಷ್ಟವನ್ನೂ ಗಮನಿಸಬೇಕು. ಮಿಟ್ ರಾಮ್ನಿ ಅವರಂಥ ರಾಜಕಾರಣಿಯೂ 1960ರ ದಶಕದಲ್ಲಿ ಫ್ರಾನ್ಸಿನ ಬೀದಿಗಳಲ್ಲಿ ಇದೇ ಕೆಲಸ ಮಾಡಿದವರು. ಅಲ್ಲಿ ತೆರೆಯುವ ಬಾಗಿಲಿಗಿಂತ ಮುಚ್ಚುವ ಬಾಗಿಲೇ ಹೆಚ್ಚು. ದಿನವಿಡೀ ಬೇಡವೆನ್ನಿಸಿಕೊಂಡು, ತಾವಾಗಿ ಆರಿಸಿಕೊಳ್ಳದ ಜೊತೆಗಾರನೊಂದಿಗೆ ಒಂದೇ ಕೋಣೆಯಲ್ಲಿ ಮಲಗಿ, ಮರುದಿನ ಮತ್ತೆ 6:30ಕ್ಕೆ ಏಳುವುದು ಹದಿನೆಂಟರ ವಯಸ್ಸಿಗೆ ಸುಲಭವಲ್ಲ. ಮನಸ್ಸಿಗೆ ಒಗ್ಗದೆ ಅವಧಿಗೆ ಮುಂಚೆ ಹಿಂದಿರುಗಿದವರು ಊರಿನಲ್ಲಿ ತಲೆ ತಗ್ಗಿಸಿ ನಡೆಯಬೇಕಾದ ಪರಿಸ್ಥಿತಿ ಇದೆ; ಅದು ಸರಿಯಲ್ಲವೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಹೀಗಾಗಿ ಸ್ಪಷ್ಟವಾಗಿ ಹೇಳಿ, ಆದರೆ ಬಾಗಿಲನ್ನು ಮುಖದ ಮೇಲೆ ಹಾಕಬೇಡಿ. "ಊಟ ಆಯಿತೇ, ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ?" ಎಂಬ ಎರಡು ಮಾತು ಅವರಿಗೆ ಬಹಳ ದೊಡ್ಡದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಬರುವ ಶನಿವಾರ ಊಟಕ್ಕೆ ಕರೆದಿದ್ದೇವೆ. ಪಾಠ ಬೇಡವೆಂಬುದನ್ನು ಯಜಮಾನರೇ ಫೋನಿನಲ್ಲಿ ಮುಂಚಿತವಾಗಿ ತಿಳಿಸಿದರು. ಅವರು ಧನ್ಯವಾದ ಹೇಳಿ, ಊಟಕ್ಕೆ ಖಂಡಿತ ಬರುವುದಾಗಿ ಹೇಳಿದ್ದಾರೆ. ಇನ್ನೊಂದು ಸಂದೇಹವಿದೆ: ಪಕ್ಕದ ಮನೆಯ ಹುಡುಗನಿಗೂ ಈಗ ಮಿಷನ್‌ನ ಕರೆ ಬಂದಿದ್ದು, ಅವನ ಬೀಳ್ಕೊಡುಗೆಯ ಭಾನುವಾರ ಚರ್ಚಿಗೆ ಬರಬೇಕೆಂದು ಅವರ ತಾಯಿ ಕರೆದಿದ್ದಾರೆ. ಹೋಗಬಹುದೇ? ಬೆಂಗಳೂರಿನಲ್ಲಿಯೂ ಇವರಿದ್ದಾರೆಂದು ಆಕೆ ಹೇಳಿದರು. ಅದು ನಿಜವೇ?

ಉತ್ತರ 4 (ಬೆಂಗಳೂರು)

ನಿಜ. ಇವರ ಬೆಂಗಳೂರು ಮಿಷನ್, ಅಂದರೆ ಮಿಷನರಿಗಳ ಪ್ರಾದೇಶಿಕ ವಿಭಾಗ, 1993ರಲ್ಲಿ ಆರಂಭವಾಯಿತು. ನಗರದಲ್ಲಿ ದೇವಾಲಯವೊಂದನ್ನು ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಪ್ರಕಟಿಸಿ, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಯಂಥ ಸಮಾರಂಭ ನಡೆಸಿದರು. ಇಲ್ಲಿ ಸೇವೆ ಸಲ್ಲಿಸುವವರಲ್ಲಿ ಭಾರತದ ಯುವಕ ಯುವತಿಯರೂ ಇದ್ದಾರೆ. ಯೂಟಾದಲ್ಲಿ ಬೀದಿಯ ತುಂಬ ಅವರ ಸದಸ್ಯರ ಮನೆಗಳಿದ್ದರೆ, ಇಲ್ಲಿ ಸದಸ್ಯರು ವಿರಳ; ಊಟದ ಸರದಿ ಅಷ್ಟು ಸಲೀಸಾಗಿ ಸಿಗದು, ಕೆಲಸವೂ ಹೆಚ್ಚಾಗಿ ಪರಿಚಿತರ ಮೂಲಕ ಸಾಗುತ್ತದೆ.

ಉತ್ತರ 1 ಬರೆದವರು ಮತ್ತೆ

ಬೀಳ್ಕೊಡುಗೆಗೆ ಧಾರಾಳವಾಗಿ ಹೋಗಿ. ಹುಡುಗ ವೇದಿಕೆಯ ಮೇಲೆ ನಿಂತು ಕೆಲವು ನಿಮಿಷ ಮಾತನಾಡುತ್ತಾನೆ. ಸಭೆಯ ನಡುವೆ ರೊಟ್ಟಿಯ ಚೂರು ಮತ್ತು ನೀರಿನ ತಟ್ಟೆ ಸಾಲು ಸಾಲಾಗಿ ಬರುತ್ತದೆ. ನೀವು ತೆಗೆದುಕೊಳ್ಳದೆ ಪಕ್ಕದವರಿಗೆ ದಾಟಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಉಡುಗೊರೆ ಕೊಡುವುದಾದರೆ ಹಗುರವಾದದ್ದನ್ನು ಕೊಡಿ, ಎರಡು ವರ್ಷದ ಸಾಮಾನೆಲ್ಲ ಒಂದೆರಡು ಪೆಟ್ಟಿಗೆಯಲ್ಲಿ ಹಿಡಿಸಬೇಕು. ಹುಡುಗ ಹೋದ ಮೇಲೆ ಅವನ ತಾಯಿಯನ್ನು ಆಗಾಗ ಮಾತನಾಡಿಸುತ್ತಿರಿ. ಹಿಂದೆ ಕ್ರಿಸ್ಮಸ್‌ಗೂ ತಾಯಂದಿರ ದಿನಕ್ಕೂ ಮಾತ್ರ ಫೋನ್ ಮಾಡಲು ಅವಕಾಶವಿತ್ತು; 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಮಾತನಾಡಬಹುದು. ಅವನು ಯಾವ ದೇಶದಲ್ಲಿರುತ್ತಾನೋ ಅಲ್ಲಿಯ ಪಿ-ಡೇಗೆ ತಕ್ಕಂತೆ ಆಕೆಯ ಫೋನಿನ ಹೊತ್ತು ಗೊತ್ತಾಗುತ್ತದೆ. ಆ ಹೊತ್ತನ್ನು ತಿಳಿದುಕೊಂಡು, ಆಗ ಅವರ ಮನೆಯ ಕರೆಗಂಟೆ ಒತ್ತದಿದ್ದರೆ ಸಾಕು.